ದೊಡ್ಡ ಗನ್, ಚಿಕ್ಕ ಗನ್, ಒಂದು ಟೆನಿಸ್ ಚೆಂಡು

ಮೊದಲೇ ಹೇಳಿಬಿಡುತ್ತೇನೆ, ನೋಯುವ ಮಾಂಸಖಂಡವನ್ನು ಗುದ್ದಿ ಸಡಿಲಿಸುವ ಮಸಾಜ್ ಗನ್‌ಗಳಲ್ಲಿ ನನ್ನ ಓಟು ಚಿಕ್ಕದಕ್ಕೆ. ದೊಡ್ಡ ಮಸಾಜ್ ಗನ್ ಈಗ ಅಟ್ಟದ ಮೇಲೆ, ಅದರ ಚೆಂದದ ಪೆಟ್ಟಿಗೆಯಲ್ಲೇ ಮಲಗಿದೆ.

ಇದೆಲ್ಲ ಶುರುವಾಗಿದ್ದು ದೋಟಿಯಿಂದ, ಅಂದರೆ ನೆಲದಲ್ಲೇ ನಿಂತು ಮರದ ತುದಿಗೆ ಔಷಧಿ ಹೊಡೆಯುವ ಉದ್ದ ಕೋಲಿನಿಂದ. ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ ನಾನೂ ಕಾರ್ಬನ್ ಫೈಬರ್ ದೋಟಿ ಹಿಡಿದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಔಷಧಿಯನ್ನು ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯಬೇಕು. 40-45 ದಿನ ಬಿಟ್ಟು ಇನ್ನೊಂದು ಸಲ. 60 ಅಡಿ ಕೋಲನ್ನು ಎತ್ತಿ ಹಿಡಿದು, ಕತ್ತು ಮೇಲೆ ಮಾಡಿಕೊಂಡು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತರೆ ಮಾರನೆ ದಿನ ಅಂಗಿಯ ತೋಳಿಗೆ ಕೈ ತೂರಿಸಲೂ ಆಗುವುದಿಲ್ಲ. ಅಮ್ಮನ ಪ್ರಕಾರ ಇದಕ್ಕೆಲ್ಲ ಕೊಬ್ಬರಿ ಎಣ್ಣೆ, ಹಂಡೆ ತುಂಬ ಬಿಸಿನೀರು ಸಾಕು. ಅವಳ ಮಾತು ಕೇಳಿದ್ದರೆ 3,600 ರೂಪಾಯಿ ಉಳಿಯುತ್ತಿತ್ತು.

ಆ ದುಡ್ಡಿಗೆ ಬಂದದ್ದು ಒಂದು ಕೆಜಿ ತೂಕದ ಗನ್, ಅದರ ತುದಿಗೆ ಸಿಕ್ಕಿಸುವ ಎಂಟು ತಲೆಗಳು. ಎಂಟರಲ್ಲಿ ನಾನು ಬಳಸಿದ್ದು ಎರಡು. ತಲೆ 12 ಮಿಲಿಮೀಟರ್ ಮುಂದೆ ಹಿಂದೆ ಹೋಗಿ ಗುದ್ದುತ್ತದೆ, ನಿಮಿಷಕ್ಕೆ 3,200 ಸಲದವರೆಗೆ. ಓದುವಾಗ ಖುಷಿಯಾಗುವ ಲೆಕ್ಕ ಇದು.

ಆದರೆ ಅದರಲ್ಲಿ ಇರುವುದು ಒಂದೇ ಬಟನ್. ಒತ್ತಿ ಹಿಡಿದರೆ ಶುರು. ಆಮೇಲೆ ಒತ್ತಿದಾಗಲೆಲ್ಲ ಒಂದೊಂದು ಸ್ಪೀಡು ಏರುತ್ತದೆ, ಒಟ್ಟು ಆರು. ಇಳಿಸಲು ಬಟನ್ನೇ ಇಲ್ಲ. ಎರಡರಲ್ಲಿದ್ದದ್ದು ಕೈತಪ್ಪಿ ಮೂರಕ್ಕೆ ಹೋಯಿತು ಅಂದುಕೊಳ್ಳಿ. ವಾಪಸ್ ಎರಡಕ್ಕೆ ಬರಬೇಕಾದರೆ ನಾಲ್ಕು, ಐದು, ಆರು ಎಲ್ಲ ದಾಟಿ ಸುತ್ತಿಕೊಂಡು ಬರಬೇಕು. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೊರಟವರು ಶಿವಮೊಗ್ಗ ಸುತ್ತಿ ಬಂದ ಹಾಗೆ.

ಮೇಜಿನ ಮೇಲಿಟ್ಟು ನೋಡುವಾಗ ಇದೊಂದು ತೊಂದರೆ ಅಂತಲೇ ಅನ್ನಿಸುವುದಿಲ್ಲ. ಕೈ ತಿರುಗಿಸಿ ಭುಜದ ಹಿಂದೆ ಹಿಡಿದಾಗ ಗೊತ್ತಾಗುತ್ತದೆ. ಬಟನ್ ಇರುವುದು ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲಿ. ಸ್ವಲ್ಪ ಬಿಗಿ ಹಿಡಿದರೆ ಸ್ಪೀಡು ಏರುತ್ತದೆ. ಏರಿತಲ್ಲ ಅಂತ ಗಾಬರಿಯಾಗಿ ಇನ್ನೂ ಬಿಗಿ ಹಿಡಿದರೆ ಮತ್ತೆ ಏರುತ್ತದೆ.

ಜೂನ್ ತಿಂಗಳ ಒಂದು ಸಂಜೆ ಹೀಗೇ ಆಯಿತು. ಐದರಲ್ಲಿ ಗುದ್ದುತ್ತಿದ್ದ ತಲೆ ಮಾಂಸಖಂಡದಿಂದ ಜಾರಿ ಭುಜದ ಹಿಂದಿನ ಹಲಗೆಯಂಥ ಮೂಳೆಯ ಮೇಲೆ ಬಂತು. ಕಟಕಟ ಅಂತ ಹಲ್ಲೆಲ್ಲ ಅಲುಗಿದವು. 'ರೀ, ಆಫ್ ಮಾಡಿ, ಆಫ್ ಮಾಡಿ' ಅಂತ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಆಫ್ ಮಾಡಬೇಕಾದರೆ ಅದೇ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಆ ಮೂರು ಸೆಕೆಂಡೂ ಮೂಳೆಯ ಮೇಲೇ. ಸುಮ್ನೆ ಕೈ ಈಚೆ ತೆಗೆಯಬಹುದಿತ್ತಲ್ಲ ಅನ್ನುತ್ತೀರಿ. ನಿಜ. ಬುದ್ಧಿ ಆಮೇಲೆ ಬಂತು.

ಮಾರನೆ ದಿನ ಅಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ, ಮಾಸಲು ಹತ್ತು ದಿನ ಹಿಡಿಯಿತು. ಕಂಪನಿಗೆ ಬರೆದರೆ 'ಮೂಳೆಯ ಮೇಲೆ ಬಳಸಬಾರದೆಂದು ಪುಸ್ತಕದಲ್ಲಿದೆ' ಎಂಬ ಉತ್ತರ. ಇದೆ, ಇರುವೆ ಸೈಜಿನ ಅಕ್ಷರದಲ್ಲಿ.

ಆ ಹತ್ತು ದಿನದಲ್ಲಿ ನಾನು ಮೊದಲೇ ಓದಬೇಕಾಗಿದ್ದದ್ದನ್ನೆಲ್ಲ ಓದಿದೆ. ಚೀನಾದ ಒಬ್ಬ ಯುವತಿ ಸೈಕಲ್ ತುಳಿದು ಸುಸ್ತಾದ ತೊಡೆಗೆ ಗನ್ ಹಿಡಿಸಿಕೊಂಡು ಆಸ್ಪತ್ರೆ ಸೇರಿದ ವರದಿ ಫಿಸಿಯೋಥೆರಪಿ ಪತ್ರಿಕೆಯೊಂದರಲ್ಲಿ 2021ರಲ್ಲಿ ಬಂದಿದೆ. ಮಾಂಸಖಂಡ ಒಡೆದು ಅದರಲ್ಲಿರುವುದು ರಕ್ತಕ್ಕೆ ಸೇರಿದರೆ ಕಿಡ್ನಿಗೆ ಅಪಾಯ. ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣ. ಹಾಗಾದರೆ ಮನೆಮದ್ದು ಅಂತ ಕೂರದೆ ಆಸ್ಪತ್ರೆಗೆ ಓಡಬೇಕು. ಒಂದು ಜಾಗಕ್ಕೆ ಒಂದೆರಡು ನಿಮಿಷ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಟಿವಿ ನೋಡುತ್ತಾ ಹದಿನೈದು ನಿಮಿಷ ಹಿಡಿಯುತ್ತಿದ್ದೆ!

ಕತ್ತಿನ ಮುಂದೆ ಮತ್ತು ಪಕ್ಕಕ್ಕೆ ಮುಟ್ಟಿಸಲೇಬಾರದು, ತಲೆಗೆ ಹೋಗುವ ದೊಡ್ಡ ರಕ್ತನಾಳ ಅಲ್ಲೇ ಇದೆ. ಬೆನ್ನುಮೂಳೆ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ಬೇಡ. ಊದಿಕೊಂಡ ಜಾಗ, ಹೊಸ ಪೆಟ್ಟು ಬೇಡ. ಜುಮ್ಮೆಂದರೆ ನಿಲ್ಲಿಸಿ.

ಅಪ್ಪಯ್ಯ ಮಾತ್ರ ಕೇಳಲಿಲ್ಲ. 'ಇತ್ಲಾಗೆ ಕೊಡೋ, ಕಾಲಿಗೆ ಸ್ವಲ್ಪ ಹಿಡೀತೀನಿ' ಅಂತ ಎರಡು ದಿನ ಹಿಂದೆ ಬಿದ್ದರು. ಅವರ ಕಾಲಲ್ಲಿ ವೆರಿಕೋಸ್ ವೇನ್ಸ್ (ಉಬ್ಬಿದ ರಕ್ತನಾಳ) ಹುರಿ ಹಗ್ಗದ ಹಾಗೆ ಎದ್ದಿವೆ, ಜೊತೆಗೆ ರಕ್ತ ತೆಳುವಾಗುವ ಮಾತ್ರೆ ಬೇರೆ. ಡಾಕ್ಟರನ್ನು ಕೇಳಿದರೆ ಖಂಡಿತ ಬೇಡ ಅಂದರು. ಒಳಗೇ ರಕ್ತ ಸೋರಬಹುದು, ಕಾಲಲ್ಲಿ ಹೆಪ್ಪುಗಟ್ಟಿದ್ದಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೂ ಹೋಗಬಹುದಂತೆ. ಪೇಸ್‌ಮೇಕರ್ ಇರುವವರು, ಬಸುರಿಯರು, ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿರುವವರೂ ಕೇಳದೆ ಮುಟ್ಟಬಾರದು. ಅಪ್ಪಯ್ಯ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಚಿಕ್ಕದನ್ನು ಶಿವಮೊಗ್ಗದಲ್ಲಿ, ಅಂಗಡಿಯಲ್ಲೇ ಕೈಗೆ ತೆಗೆದುಕೊಂಡು ನೋಡಿ ತಂದೆ. 1,900 ರೂಪಾಯಿ, ತೂಕ ಅರ್ಧ ಕೆಜಿಗೂ ಕಡಿಮೆ. ಏರಿಸಲು ಒಂದು ಬಟನ್, ಇಳಿಸಲು ಇನ್ನೊಂದು. ನಾನು ಅಂಗಡಿಯವರಿಗೆ ಕೇಳಿದ್ದು ಅದೊಂದೇ ಪ್ರಶ್ನೆ.

ಇದರ ಬಗ್ಗೆ ಜನ ಬರೆಯುವ ದೊಡ್ಡ ದೂರು ಏನೆಂದರೆ, ಗಟ್ಟಿಯಾಗಿ ಒತ್ತಿದರೆ ಮೋಟಾರು ನಿಂತೇ ಹೋಗುತ್ತದೆ. ನನಗೆ ಇಷ್ಟವಾಗಿದ್ದೇ ಅದು. ಕತ್ತಿ, ಗುದ್ದಲಿ ಹಿಡಿದ ಕೈಗೆ ಹಗುರಾಗಿ ಹಿಡಿಯುವುದು ಬರುವುದಿಲ್ಲ. ನೋವಿದ್ದ ಕಡೆ ಇನ್ನೂ ಒತ್ತೋಣ ಅನ್ನಿಸುತ್ತದೆ. ದೊಡ್ಡದು ಒತ್ತಿದಷ್ಟೂ ಗುದ್ದುತ್ತಿತ್ತು. ಚಿಕ್ಕದು ಗುರ್ ಅಂದು ನಿಲ್ಲುತ್ತದೆ, ಕೈ ಸಡಿಲ ಬಿಟ್ಟರೆ ಮತ್ತೆ ಓಡುತ್ತದೆ. ವಾರದಲ್ಲಿ ನನ್ನ ಕೈಗೇ ಪಾಠವಾಯಿತು. ಟೈಪ್ ಸಿ ವೈರು ಹಿಡಿಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಪವರ್ ಬ್ಯಾಂಕಿನಲ್ಲಿ ನಡೆಯುತ್ತದೆ. ತೊಡೆಗೆ ಮಾತ್ರ ಇದರ ಗುದ್ದು ಸಾಲದು.

ಭಾವನ ಮನೆಯ ವೈರಿನ ಮಸಾಜರನ್ನೂ ಒಂದು ವಾರ ತಂದಿಟ್ಟುಕೊಂಡಿದ್ದೆ. ಸೊಂಟಕ್ಕೆ ಹಿತ. ಆದರೆ ಸಂಜೆ ಪಂಪ್‌ಸೆಟ್‌ಗಳು ಶುರುವಾಗಿ ವೋಲ್ಟೇಜ್ ಬಿದ್ದರೆ ಅದೂ ಮುದುಕರ ಹಾಗೆ ನಡುಗುತ್ತದೆ. ಸ್ನಾನ ಮಾಡಿ ಬಂದ ಒದ್ದೆ ಮೈಗೆ ಪ್ಲಗ್ಗಿನ ಸಾಮಾನು ನನಗೆ ಧೈರ್ಯವಿಲ್ಲ.

ಬೆನ್ನಿನ ನಡುವೆ, ಕೈ ತಲುಪದ ಕಡೆಗೆ, ಯಾವ ಗನ್ನೂ ಬೇಡ. ಮಗನ ಹಳೇ ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ, ಬೆನ್ನುಮೂಳೆಯ ಪಕ್ಕಕ್ಕೆ ಇಟ್ಟು ಒರಗಿದರೆ ಆಯಿತು. ಜಾಸ್ತಿ ಆಯಿತು ಅನ್ನಿಸಿದರೆ ಒಂದು ಹೆಜ್ಜೆ ಮುಂದೆ ಬನ್ನಿ, ಅಷ್ಟೇ.

ಈಗ ನನ್ನ ಕ್ರಮ ಹೀಗಿದೆ. ಸಂಜೆ ಸ್ನಾನ, ಮೈ ಒರೆಸಿ ಬನಿಯನ್ ಹಾಕಿಕೊಂಡ ಮೇಲೆ ಚಿಕ್ಕ ಗನ್, ಬಟ್ಟೆಯ ಮೇಲಿಂದಲೇ, ಒಂದೊಂದು ಭುಜಕ್ಕೆ ಒಂದು ನಿಮಿಷ. ಫೋನಿನಲ್ಲಿ ಟೈಮರ್ ಇಡುತ್ತೇನೆ. ಜಿಮ್ಮಿಗೆ ಹೋಗುವ ದಪ್ಪ ತೊಡೆಯ ಹುಡುಗರಿಗೆ ದೊಡ್ಡದೇ ಸರಿ ಇರಬಹುದು, ಬಟನ್ ಎರಡಿದ್ದರೆ. ನನ್ನಂತೆ ವರ್ಷಕ್ಕೆ ಎರಡು ಸಲ ಔಷಧಿ, ಆಮೇಲೆ ಕೊಯ್ಲು ಅಂತ ಭುಜ ನೋಯಿಸಿಕೊಳ್ಳುವವರಿಗೆ 2,000 ರೂಪಾಯಿ ದಾಟುವ ಅಗತ್ಯ ನನಗೆ ಕಾಣಲಿಲ್ಲ.

ಪಕ್ಕದ ತೋಟದವರು ಮೊನ್ನೆ ದೊಡ್ಡದನ್ನು ಅರ್ಧ ರೇಟಿಗೆ ಕೇಳಿದರು. ಅಟ್ಟದಿಂದ ಇಳಿಸಿ ಅವರ ಕೈಗೇ ಕೊಟ್ಟೆ, ಎರಡರಿಂದ ಒಂದಕ್ಕೆ ಇಳಿಸಿ ನೋಡಿ ಅಂದೆ. ನೋಡಿದರು. ಕಾಫಿ ಕುಡಿದು ಹೋದರು.