ಗಂಗಾವತಿಯೊಳಗ ಸರಪಳಿ ತಗೊಂಡ ಅಂಗಡಿ: ಐದಕ್ಕ ಐದು ಸ್ಟಾರ್

ಟ್ರ್ಯಾಕ್ಟರ್ ಎಳಿಯೋಕ ಸರಪಳಿ ಬೇಕಾದವ್ರು ಗಂಗಾವತಿ ಮಾರ್ಕೆಟ್ ಕಡಿ ಇರೋ ಈ ಹಾರ್ಡ್‌ವೇರ್ ಅಂಗಡಿಗೆ ಕಣ್ಣು ಮುಚ್ಚಿ ಹೋಗ್ರಿ. ಹೋದ ಮಳೆಗಾಲದಾಗ ನಾಟಿಗೆ ಗದ್ದಿ ಕೆಸರು ಮಾಡೋವಾಗ ನಮ್ಮ ಗಾಡಿ ಆಕ್ಸಲ್ ತನಕ ಹೂತುಬಿಡ್ತು, ಬೇರೆ ಕಡೆಯಿಂದ ತಂದಿದ್ದ ಹೊಸಾ ಸರಪಳಿ ಹಾಕಿ ಎಳದ್ರ ಪಟ್ ಅಂತ ಹರದು ತುದಿ ಹಾರಿ ಬಂದು ಬಾನೆಟ್ಟಿಗೆ ಬಡೀತು, ನನ್ನ ತಮ್ಮ ಎರಡು ಮಾರು ಆಕಡಿ ನಿಂತಿದ್ದ. ಈಗ್ಲೂ ನೆನಸ್ಕೊಂಡ್ರ ಮೈ ಝುಂ ಅಂತೈತಿ.

ಹರದ ಕೊಂಡಿ ಕಿಸೆದಾಗ ಇಟ್ಕೊಂಡೇ ಹೋಗಿದ್ದೆ. ಅಂಗಡಿ ಹಿರಿಯಾರು ಅದನ್ನ ಬೆಳಕಿಗೆ ಹಿಡದು ತೋರ್ಸಿದ್ರು, ವೆಲ್ಡಿಂಗ್ ಮೇಲ್ಮೇಲೆ ಹತ್ತಿತ್ತು ಅಷ್ಟ, ಒಳಗ ಕಪ್ಪಗಿತ್ತು, ಅಂದ್ರ ಕಬ್ಬಿಣ ಕೂಡಿಕೊಂಡೇ ಇರಲಿಲ್ಲ. ಆಮ್ಯಾಲೆ 10 ಎಂಎಂ ಗ್ರೇಡ್ 80, ಅಂದ್ರ ಭಾರಕ್ಕಂತಾನ ಮಾಡಿದ ಗಟ್ಟಿ ಉಕ್ಕಿನ ಸರಪಳಿ ತಗದು, ಕೊಂಡಿ ಮ್ಯಾಲಿನ ಮಾರ್ಕು ಉಗುರಿಂದ ಮುಟ್ಟಿ ತೋರಿಸಿ, 3 ಟನ್ ಚಿಲ್ಲರೆ ತಡೀತೈತಿ ತಮ್ಮಾ, ಅದಕ್ಕಿಂತ ಜಾಸ್ತಿ ಜಗ್ಗಬ್ಯಾಡ, ಜರ್ಕ್ ಅಂತೂ ಕೊಡಲೇಬ್ಯಾಡ ಅಂತ ಎರಡು ಸಲ ಹೇಳಿದ್ರು. 20 ಅಡಿಗೆ 13 ಕೇಜಿ ಮ್ಯಾಲೆ ತೂಗ್ತು. ರೇಟು ಮಾಮೂಲಿ ಚೈನಿನ ಡಬಲ್, ಆದ್ರ ಕೊಟ್ಟಿದ್ದಕ್ಕ ಬ್ಯಾಸರ ಇಲ್ಲ.

ಅಲ್ಲೇ ಮಾತು ಡ್ಯಾಮಿಗೆ ಹೋತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದ್ದರ ಚೈನ್ ಹರದು ಗೇಟೇ ಕೊಚ್ಚಿಕೊಂಡು ಹೋತಲ್ರಿ, ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವ್ರ ತಂಡ ಹರಿಯೋ ನೀರಿನಾಗ ಸ್ಟಾಪ್‌ಲಾಗ್, ಅಂದ್ರ ನೀರು ತಡಿಯೋ ತಾತ್ಕಾಲಿಕ ಗೇಟು ಇಳಿಸೋ ತನಕ ಎಡದಂಡೆ ನಾಲಾ ನಂಬಿದ ನಮ್ಮಂಥವ್ರಿಗೆ ನಿದ್ದಿನೇ ಇರಲಿಲ್ಲ, ಎರಡನೇ ಬೆಳಿ ಹೋತು ಅಂತಾನ ತಿಳ್ಕೊಂಡಿದ್ವಿ.

ಸರಪಳಿ ಜೊತಿ ಅದನ್ನ ಗಾಡಿಗೆ ಸಿಗಿಸೋ ಡಿ ಆಕಾರದ ಕೊಂಡಿ, ಡಿ ಶ್ಯಾಕಲ್ ಅಂತಾರಲ್ಲ, ಅವನ್ನ ಎರಡು ತಗೊಂಡೆ, ಅವೂ ಗಟ್ಟಿ ಅದಾವ. ಮನಿಗೆ ತಂದಾಗ ಮಗಳು, ಅಪ್ಪಾ ಇಂಗ್ಲಿಷಿನ್ಯಾಗ ಶ್ಯಾಕಲ್ ಅಂದ್ರ ಬೇಡಿ ಅಂದ್ಳು. ನನಗ ನಮ್ಮಜ್ಜ ನೆನಪಾದ. ಅಂವ ವರ್ಷಗಟ್ಟಲೆ ಜೀತಕ್ಕಿದ್ದಂವ, ಕಾಲಿಗೆ ಬೇಡಿ ಗೀಡಿ ಏನೂ ಇರಲಿಲ್ಲ, ಹೆಬ್ಬೆಟ್ಟು ಒತ್ತಿದ ಒಂದು ಸಾಲದ ಹಾಳಿ ಇತ್ತು ಅಷ್ಟ, ಆ ಸಾಲ ತೀರೋ ತನಕ ಊರು ದಾಟೋ ಹಂಗಿರಲಿಲ್ಲ. 1976ರ ಕಾಯ್ದೆ ಬಂದು ಜೀತದ ಸಾಲಾನೇ ರದ್ದು ಅಂತ ಆದ ಮ್ಯಾಲೆ ಹೊರಗ ಬಂದ. ಸ್ವಂತ ಎತ್ತು ಕಟ್ಟಿದ ಮ್ಯಾಲೂ ಸಾಯೋ ತನಕ ದನದ ಕೊಟ್ಟಿಗ್ಯಾಗ ಸರಪಳಿ ತರಲಿಲ್ಲ, ಹಗ್ಗಾನ. ಬೆಂಕಿ ಬಿದ್ರ ಹಗ್ಗ ಕೊಯ್ದು ಬಿಡಬೌದೋ, ಸರಪಳಿ ಏನ್ ಮಾಡ್ತಿ ಅಂತಿದ್ದ.

ಅದಕ್ಕ ಅಂಗಡಿಯವ್ರು ದನಕ್ಕ ಕಟ್ಟೋ ಸಣ್ಣ ಸರಪಳಿ ತೋರಿಸಿದ್ದು ಚಲೋ ಮಾಲೇ ಆದ್ರೂ ನಾ ತಗೊಳ್ಳಿಲ್ಲ, ಮೂಗುದಾರದ ಹಗ್ಗ ತಂದೆ, ಅದೂ ಅಲ್ಲೇ ಸಿಗ್ತೈತಿ. ಗಾಡಿ ನಿಲ್ಸೋಕ ಜಾಗ ಇಲ್ಲ, ಮುಂಜಾನಿ ಲಗೂನ ಹೋಗ್ರಿ, ಹರದ ಕೊಂಡಿ ಇದ್ರ ಜೊತಿಗೆ ಒಯ್ರಿ.