ದೂರದ ಬೈಕ್ ಪ್ರಯಾಣಕ್ಕೆ ಗೋಪ್ರೊ ಹೀರೋ 12 ಬ್ಲ್ಯಾಕ್: ಸವಾರನ ಕಣ್ಣಿನಿಂದ ಒಂದು ವಿಮರ್ಶೆ

ಬೈಕ್ ಪ್ರಯಾಣವನ್ನು ವಿಡಿಯೊದಲ್ಲಿ ಹಿಡಿದಿಡಬೇಕೆಂದು ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಚಿತ್ರದ ಸ್ಪಷ್ಟತೆಯನ್ನು. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ. ಕೈಗವಸು ತೊಟ್ಟ ಕೈ ಹ್ಯಾಂಡಲ್ ಬಿಟ್ಟು ಎಷ್ಟು ಸಲ ಕ್ಯಾಮೆರಾದತ್ತ ಹೋಗಬೇಕಾಗುತ್ತದೆ, ಕಣ್ಣು ರಸ್ತೆ ಬಿಟ್ಟು ಎಷ್ಟು ಹೊತ್ತು ಅದರ ಪರದೆಯ ಮೇಲೆ ನಿಲ್ಲಬೇಕಾಗುತ್ತದೆ ಎಂಬುದೇ ಸವಾರನಿಗೆ ಮುಖ್ಯವಾದ ಸಂಗತಿ. 2023ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಗೋಪ್ರೊ ಹೀರೋ 12 ಬ್ಲ್ಯಾಕ್ ಎಂಬ ಪುಟ್ಟ ಆ್ಯಕ್ಷನ್ ಕ್ಯಾಮೆರಾವನ್ನು ಘಟ್ಟದ ತಿರುವುಗಳಲ್ಲಿಯೂ ಕರಾವಳಿಯ ಹೆದ್ದಾರಿಯಲ್ಲಿಯೂ ಬಯಲುಸೀಮೆಯ ಬಿಸಿಲಿನಲ್ಲಿಯೂ ಬಳಸಿದ ಮೇಲೆ, ಈ ಒಂದು ಅಳತೆಗೋಲನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೈಯಲ್ಲೇ ಒಳ್ಳೆಯ ಮೊಬೈಲ್ ಇರುವಾಗ ಪ್ರತ್ಯೇಕ ಕ್ಯಾಮೆರಾ ಏಕೆ ಎಂದು ಕೇಳುವವರಿದ್ದಾರೆ. ಹೆಚ್ಚಿನ ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್‌ನ ಕಂಪನಕ್ಕೆ ಬಹಳ ಕಾಲ ಒಡ್ಡಿದರೆ ಐಫೋನ್‌ನ ಕ್ಯಾಮೆರಾ ವ್ಯವಸ್ಥೆ ಹಾಳಾಗಬಹುದೆಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿತ್ತು. ಅಂಥ ಫೋನುಗಳಲ್ಲಿ ಚಿತ್ರ ಅಲುಗಾಡದಂತೆ ತಡೆಯಲು ಲೆನ್ಸ್ ಅಥವಾ ಸೆನ್ಸರನ್ನೇ ಕದಲಿಸುವ ಸೂಕ್ಷ್ಮ ಭಾಗಗಳಿರುತ್ತವೆ. ಹ್ಯಾಂಡಲ್‌ನ ನಿರಂತರ ನಡುಕಕ್ಕೆ ಮೊದಲು ಬಲಿಯಾಗುವುದು ಅವೇ. ಹೀರೋ 12ರಲ್ಲಿ ಆ ಬಗೆಯ ಚಲಿಸುವ ಭಾಗಗಳಿಲ್ಲ. ಹೈಪರ್‌ಸ್ಮೂತ್ 6.0 ಎಂಬ ಅದರ ವ್ಯವಸ್ಥೆ ಚಿತ್ರದ ಅಂಚುಗಳನ್ನು ಸ್ವಲ್ಪ ಕತ್ತರಿಸಿ, ಲೆಕ್ಕಾಚಾರದಿಂದಲೇ ಅಲುಗಾಟವನ್ನು ಸರಿಪಡಿಸುತ್ತದೆ. 154 ಗ್ರಾಂ ತೂಗುವ ಈ ಕ್ಯಾಮೆರಾವನ್ನು ಹೆಲ್ಮೆಟ್‌ನ ಗಲ್ಲದ ಭಾಗಕ್ಕೆ ಅಂಟಿಸಿಕೊಂಡು ದಿನವಿಡೀ ಓಡಿಸಿದರೂ ಕತ್ತು ದೂರುವುದಿಲ್ಲ.

ಕೈ, ಕಣ್ಣುಗಳ ಆ ಮೊದಲ ಅಳತೆಯಲ್ಲಿ ಇದು ಚೆನ್ನಾಗಿಯೇ ಗೆಲ್ಲುತ್ತದೆ. ಕ್ವಿಕ್‌ಕ್ಯಾಪ್ಚರ್ ಚಾಲೂ ಮಾಡಿಟ್ಟರೆ, ಆಫ್ ಆಗಿರುವ ಕ್ಯಾಮೆರಾದ ಮೇಲಿನ ದೊಡ್ಡ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ಅದು ಎಚ್ಚೆತ್ತು ಚಿತ್ರೀಕರಣವನ್ನೇ ಆರಂಭಿಸುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲಿಸಿ ತಾನೂ ಆರುತ್ತದೆ. ಮಳೆಗಾಲದ ದಪ್ಪ ಕೈಗವಸಿನ ಮೇಲಿಂದಲೂ ಆ ಗುಂಡಿ ಬೆರಳಿಗೆ ಸಿಗುತ್ತದೆ, ಬೀಪ್ ಸದ್ದು ಗಲ್ಲದ ಬಳಿಯೇ ಕೇಳುವುದರಿಂದ ಪರದೆ ನೋಡುವ ಅಗತ್ಯವೂ ಬೀಳುವುದಿಲ್ಲ. ಮಾತಿನಲ್ಲೇ ಆಜ್ಞೆ ಕೊಡುವ ಸೌಲಭ್ಯ ನಿಂತ ಬೈಕಿನಲ್ಲಿ ಉಪಯುಕ್ತ, ವೇಗ ಏರಿದ ಮೇಲೆ ಗಾಳಿಯ ಅಬ್ಬರದಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಚಿತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 5.3ಕೆ ಗಾತ್ರದಲ್ಲಿ ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್), 4ಕೆ ಗಾತ್ರದಲ್ಲಿ 120 ಚೌಕಟ್ಟುಗಳವರೆಗೆ ಇದು ಹಿಡಿಯುತ್ತದೆ, ಹಗಲಿನ ಬೆಳಕಿನಲ್ಲಿ ಇದಕ್ಕಿಂತ ಹೆಚ್ಚಿನದು ಪ್ರವಾಸದ ವಿಡಿಯೊಗೆ ಬೇಕಿಲ್ಲ. 8:7 ಅನುಪಾತದಲ್ಲಿ ಚಿತ್ರೀಕರಿಸಿದರೆ ಅದೇ ತುಣುಕಿನಿಂದ ಅಡ್ಡಲಾದ ವಿಡಿಯೊವನ್ನೂ ಮೊಬೈಲ್‌ಗೆ ಹೊಂದುವ ಉದ್ದನೆಯ ರೀಲ್ಸನ್ನೂ ಕತ್ತರಿಸಿಕೊಳ್ಳಬಹುದು. ಹೈಪರ್‌ವ್ಯೂ ಎಂಬ ಅತಿ ಅಗಲದ ನೋಟ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಯ ರಸ್ತೆಯಲ್ಲಿ ಎರಡೂ ಬದಿಯ ನೀರು ಒಂದೇ ಚೌಕಟ್ಟಿನಲ್ಲಿ ಬರಲೆಂದು ಅದನ್ನು ಬಳಸಿದರೆ, ಅಂಚಿನ ತೆಂಗಿನ ಮರಗಳು ಎಳೆದಂತಾಗಿ, ನಿಧಾನವಾಗಿ ಹೋಗುತ್ತಿರುವ ಬೈಕೂ ಹುಚ್ಚು ವೇಗದಲ್ಲಿರುವಂತೆ ಕಾಣುತ್ತದೆ. ಹಾದುಬಂದ ದಾರಿಯನ್ನು ಇದ್ದಂತೆಯೇ ತೋರಿಸಬೇಕೆನ್ನುವವರಿಗೆ ಸಾಧಾರಣ ವೈಡ್ ಅಥವಾ ಅಂಚು ಬಾಗದ ಲೀನಿಯರ್ ನೋಟವೇ ಸರಿ.

ದಿಗಂತವನ್ನು ಸಮತಟ್ಟಾಗಿ ಹಿಡಿದಿಡುವ ಹೊರೈಜನ್ ಲಾಕ್ ಬಗ್ಗೆ ಒಂದು ಮಾತು. ಕ್ಯಾಮೆರಾ ಹ್ಯಾಂಡಲ್ ಮೇಲಿದ್ದು ಈ ಸೌಲಭ್ಯ ಚಾಲೂ ಇಲ್ಲದಿದ್ದರೆ, ಆಗುಂಬೆ ಘಾಟಿಯ ತಿರುವುಗಳಲ್ಲಿ ಬೈಕ್ ನೆಟ್ಟಗೇ ನಿಂತು ಬೆಟ್ಟವೇ ಓರೆಯಾದಂತೆ ಕಾಣುತ್ತದೆ. ಅದನ್ನು ಚಾಲೂ ಮಾಡಿದರೆ ಬೆಟ್ಟ ಸ್ವಸ್ಥಾನದಲ್ಲಿ ನಿಂತು, ಟ್ಯಾಂಕೂ ಹ್ಯಾಂಡಲ್ಲೂ ಚೌಕಟ್ಟಿನೊಳಗೆ ವಾಲುತ್ತವೆ. ಸವಾರನ ಮೈಗೆ ಅನುಭವವಾದ ಬಾಗು ನೋಡುಗನಿಗೆ ತಲುಪುವುದು ಈ ಎರಡನೆಯ ಬಗೆಯಲ್ಲಿ.

ಘಟ್ಟದಲ್ಲೇ ಇದರ ಮಿತಿಯೂ ಗೋಚರಿಸುತ್ತದೆ. ಜುಲೈ ತಿಂಗಳ ಮಧ್ಯಾಹ್ನದಲ್ಲೂ ಕತ್ತಲು ಕವಿದಂತಿರುವ ಕಾಡಿನ ರಸ್ತೆಯಲ್ಲಿ, ಬೆಳಕು ಸಾಲದೆಂದು ಕ್ಯಾಮೆರಾ ತಾನಾಗಿ ಶಟರ್ ವೇಗವನ್ನು ಇಳಿಸುತ್ತದೆ, ಅಂದರೆ ಪ್ರತಿ ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕು ಬಿಟ್ಟುಕೊಳ್ಳುತ್ತದೆ. ಆಗ ಪ್ರತಿ ಚೌಕಟ್ಟಿನೊಳಗೇ ಅಲುಗಾಟದ ಮಸುಕು ಸೇರಿಕೊಳ್ಳುತ್ತದೆ. ಚೌಕಟ್ಟುಗಳನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಒಳಗಿನ ಆ ಮಸುಕನ್ನು ಯಾವ ಲೆಕ್ಕಾಚಾರವೂ ತೆಗೆಯಲಾರದು. ಶಟರ್ ವೇಗವನ್ನು ಕೈಯಾರೆ ಹೆಚ್ಚಿಸಿ, ಬೆಳಕಿನ ಸಂವೇದನೆಯ ಮಟ್ಟವಾದ ಐಎಸ್‌ಒ ಮಿತಿಯನ್ನು 1600ರ ಆಸುಪಾಸಿನಲ್ಲಿಟ್ಟರೆ ಚಿತ್ರ ತುಸು ಒರಟಾದರೂ ನೋಡುವಂತಿರುತ್ತದೆ. ಸಿನಿಮಾದ ನಯ ಬರಲೆಂದು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರ್ ವೇಗ ತಗ್ಗಿಸುವ ಸಲಹೆ ಟ್ರೈಪಾಡ್ ಮೇಲಿನ ಕ್ಯಾಮೆರಾಗೆ ಸರಿ, ಹೊಂಡಬಿದ್ದ ಘಾಟಿ ರಸ್ತೆಯ ಬೈಕಿಗೆ ಸರಿಯಲ್ಲ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಕ್ಯಾಮೆರಾವನ್ನೂ ಅದಕ್ಕೇ ಹೊಂದಿಸಿಕೊಂಡು 25 ಅಥವಾ 50 ಚೌಕಟ್ಟುಗಳಲ್ಲಿ ಚಿತ್ರೀಕರಿಸಿದರೆ, ಹೋಟೆಲಿನ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುವುದು ತಪ್ಪುತ್ತದೆ.

ನೋಡುಗರು ಮಸುಕಾದ ಚಿತ್ರವನ್ನಾದರೂ ಸಹಿಸಿಕೊಳ್ಳುತ್ತಾರೆ, ಭೋರ್ಗರೆಯುವ ಗಾಳಿಯ ಸದ್ದನ್ನು ಸಹಿಸುವುದಿಲ್ಲ. ಕ್ಯಾಮೆರಾದ ಸ್ವಂತ ಮೈಕುಗಳು ಗಾಳಿಯನ್ನು ತಕ್ಕಮಟ್ಟಿಗೆ ಅಡಗಿಸಿದರೂ, ಹೆದ್ದಾರಿಯ ವೇಗದಲ್ಲಿ ಸವಾರನ ಮಾತು ಅವುಗಳಿಗೆ ದಕ್ಕುವುದಿಲ್ಲ. ಈ ಮಾದರಿಯಲ್ಲಿ ಹೊಸದಾಗಿ ಬಂದ ಬ್ಲೂಟೂತ್ ಧ್ವನಿಯ ಸೌಲಭ್ಯದಿಂದ ಹೆಡ್‌ಸೆಟ್‌ನ ಮೈಕನ್ನು ತಂತಿಯಿಲ್ಲದೆ ಜೋಡಿಸಬಹುದು. ಮಾತು ಅರ್ಥವಾಗುತ್ತದೆ, ಆದರೆ ಫೋನ್ ಕರೆಯಲ್ಲಿ ಕೇಳುವಂಥ ಸಪೂರ ಧ್ವನಿ ಅದು. ತುಂಬುದನಿ ಬೇಕಿದ್ದರೆ ಮೀಡಿಯಾ ಮಾಡ್ ಎಂಬ ಹೊರಕವಚ ಕೊಂಡು, ತಂತಿಯ ಚಿಕ್ಕ ಮೈಕನ್ನು ಹೆಲ್ಮೆಟ್‌ನ ಗಲ್ಲದ ಮೆತ್ತೆಯ ಒಳಗೆ, ಬಾಯಿಯ ಪಕ್ಕಕ್ಕೆ ಬರುವಂತೆ ಸಿಕ್ಕಿಸಬೇಕು. ಇಲ್ಲೊಂದು ತೊಡಕಿದೆ. ಹಾಗೆಯೇ ಬಳಸಿದರೆ 10 ಮೀಟರ್ ಆಳದ ನೀರಿಗೂ ಅಂಜದ ಈ ಕ್ಯಾಮೆರಾ, ಆ ಕವಚಕ್ಕಾಗಿ ಪಕ್ಕದ ಬಾಗಿಲನ್ನು ಕಳಚಿದೊಡನೆ ಮಳೆಗೆ ಅಂಜಬೇಕಾಗುತ್ತದೆ. ಮಲೆನಾಡಿನ ಮಳೆಗಾಲದ ಸವಾರರು ಒಳ್ಳೆಯ ಧ್ವನಿಯೋ ನೀರಿನ ನಿರ್ಭಯವೋ ಎಂದು ಪ್ರತಿದಿನ ಬೆಳಿಗ್ಗೆ ಆಯ್ದುಕೊಳ್ಳಬೇಕು. ಕಂಪನಿ ಈ ಎರಡನ್ನೂ ಒಟ್ಟಿಗೆ ಕೊಡಬೇಕೆಂಬುದು ನನ್ನ ಪ್ರಾಮಾಣಿಕ ಆಗ್ರಹ.

1720 ಎಂಎಎಚ್‌ನ ಎಂಡ್ಯೂರೊ ಬ್ಯಾಟರಿ 5.3ಕೆ, 60 ಚೌಕಟ್ಟುಗಳಲ್ಲಿ 70 ನಿಮಿಷ ಬಾಳುತ್ತದೆಂದು ಕಂಪನಿ ಹೇಳುತ್ತದೆ. ಬಿಟ್ಟು ಬಿಟ್ಟು ಚಿತ್ರೀಕರಿಸುವವರಿಗೆ ಮೂರು ಬ್ಯಾಟರಿಗಳಿದ್ದರೆ ದಿನ ಕಳೆಯುತ್ತದೆ. ಯುಎಸ್‌ಬಿ ಮೂಲಕ ನೇರವಾಗಿ ವಿದ್ಯುತ್ ಕೊಟ್ಟರೆ ಬ್ಯಾಟರಿ ಹೊರತೆಗೆದೂ ಕ್ಯಾಮೆರಾ ನಡೆಯುತ್ತದೆ, ಬಿಸಿಯಾಗುವುದೂ ಕಡಿಮೆ. ಬೈಕಿನ ಸಾಕೆಟ್‌ಗಿಂತ ಟ್ಯಾಂಕ್ ಬ್ಯಾಗಿನಲ್ಲಿಟ್ಟ ಪವರ್‌ಬ್ಯಾಂಕ್ ವಾಸಿ, ಏಕೆಂದರೆ ಕೀಲಿ ತಿರುಗಿಸಿ ಬೈಕ್ ಆಫ್ ಮಾಡಿದೊಡನೆ ಸಾಕೆಟ್‌ನ ವಿದ್ಯುತ್ ಕಡಿದು, ನಡೆಯುತ್ತಿರುವ ಚಿತ್ರೀಕರಣವೂ ಅರ್ಧಕ್ಕೆ ನಿಲ್ಲುತ್ತದೆ. ಲಡಾಖಿನಂಥ ಚಳಿಯ ಸೀಮೆಗೆ ಹೋಗುವವರು ಬಿಡಿ ಬ್ಯಾಟರಿಗಳನ್ನು ಜಾಕೆಟ್‌ನ ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಬೇಕು. ಬೇಸಿಗೆಯ ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು: ಓಡುವಾಗ ಗಾಳಿ ತಂಪು ಕೊಡುತ್ತದೆ, ರೈಲ್ವೆ ಗೇಟಿನ ಮುಂದೆ ನಿಂತಾಗ ಕೊಡುವುದಿಲ್ಲ. ಆದ್ದರಿಂದ ಬೈಕ್ ನಿಂತಲ್ಲಿ ಕ್ಯಾಮೆರಾವನ್ನೂ ನಿಲ್ಲಿಸಬೇಕು.

ಸೆಕೆಂಡಿಗೆ 120 ಮೆಗಾಬಿಟ್‌ನ ಗರಿಷ್ಠ ಗುಣಮಟ್ಟದಲ್ಲಿ ಒಂದು ಗಂಟೆಯ ಚಿತ್ರೀಕರಣ ಸುಮಾರು 54 ಜಿಬಿ ತಿನ್ನುತ್ತದೆ; 256 ಜಿಬಿ ಕಾರ್ಡಿನಲ್ಲಿ ನಾಲ್ಕೂಮುಕ್ಕಾಲು ಗಂಟೆಗೂ ಮೀರಿ ಹಿಡಿಸದು. ಸಂಕಲನಕ್ಕೆ ಕೂತಾಗ ಕಡತಗಳ ಹೆಸರು ತಾಳ್ಮೆ ಪರೀಕ್ಷಿಸುತ್ತದೆ. ದೀರ್ಘ ಚಿತ್ರೀಕರಣವನ್ನು ಕ್ಯಾಮೆರಾ ತುಣುಕುಗಳಾಗಿ ಒಡೆದು, ಜಿಎಕ್ಸ್ ಅಕ್ಷರಗಳ ನಂತರ ಮೊದಲು ತುಣುಕಿನ ಸಂಖ್ಯೆಯನ್ನೂ ಆಮೇಲೆ ಚಿತ್ರೀಕರಣದ ಸಂಖ್ಯೆಯನ್ನೂ ಇಡುತ್ತದೆ. ಹೆಸರಿನ ಪ್ರಕಾರ ಜೋಡಿಸಿದರೆ ಒಂದೇ ಘಾಟಿಯ ಮೊದಲರ್ಧ ಮೇಲೆಲ್ಲೋ, ಎರಡನೆಯ ಅರ್ಧ ಪಟ್ಟಿಯ ಕೊನೆಯಲ್ಲೆಲ್ಲೋ ಹೋಗಿ ಕೂರುತ್ತದೆ. ಸಮಯದ ಪ್ರಕಾರ ಜೋಡಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ದೂರ ಪ್ರಯಾಣಿಕನಿಗೆ ನಿಜವಾಗಿ ಅನ್ಯಾಯವಾಗಿರುವುದು ಜಿಪಿಎಸ್ ವಿಷಯದಲ್ಲಿ. ಹೀರೋ 11ರಲ್ಲಿದ್ದ ಜಿಪಿಎಸ್ಸನ್ನು ಹೀರೋ 12ರಲ್ಲಿ ತೆಗೆದುಹಾಕಲಾಯಿತು. ವೇಗ, ಎತ್ತರ, ಸಾಗಿದ ದಾರಿಗಳನ್ನು ವಿಡಿಯೊದ ಮೇಲೆಯೇ ತೋರಿಸುವ ಅವಕಾಶ ಅದರೊಂದಿಗೆ ಹೋಯಿತು. ತುಣುಕೊಂದನ್ನು ವರ್ಷಗಳ ನಂತರ ತೆರೆದಾಗ ಅದು ಕೊಟ್ಟಿಗೆಹಾರದ್ದೋ ಬಾಳೆಹೊನ್ನೂರಿನದೋ ಎಂದು ತಿಳಿಯುವ ದಾರಿಯೂ ಮುಚ್ಚಿತು. ಫೋನಿನಲ್ಲಿ ದಾರಿಯನ್ನು ಬೇರೆಯಾಗಿ ದಾಖಲಿಸಿ ಆಮೇಲೆ ಹೊಂದಿಸಬಹುದು, ಆದರೆ ದಿನಕ್ಕೆ ನಾನೂರು ಕಿಲೋಮೀಟರ್ ಓಡಿಸಿ ದಣಿದವರಿಗೆ ಆ ಕೆಲಸವನ್ನು ಹೊರಿಸುವುದು ಸರಿಯಲ್ಲ.

ಕ್ಯಾಮೆರಾ ಕೂರಿಸುವ ಮೌಂಟ್ ಎಲ್ಲಿ ಹಾಕಬೇಕೆಂಬುದನ್ನು ಹೋಗುವ ರಾಜ್ಯ ನೋಡಿ ನಿರ್ಧರಿಸಬೇಕು. ಕೇರಳದ ಮೋಟಾರು ವಾಹನ ಇಲಾಖೆ ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟಿದವರ ಮೇಲೆ 2022ರಲ್ಲಿ ಕ್ರಮಕ್ಕೆ ಮುಂದಾಗಿತ್ತು. ಮಾಕುಟ್ಟ ದಾಟಿ ಕಣ್ಣೂರಿನತ್ತ ಇಳಿಯುವವರು ಎದೆಪಟ್ಟಿಯನ್ನೋ ಹ್ಯಾಂಡಲ್ ಮೌಂಟನ್ನೋ ಬಳಸುವುದು ಕ್ಷೇಮ. ಅಂಟಿನ ಮೌಂಟ್ ಆದರೆ ಹೊರಡುವ ಹಿಂದಿನ ದಿನವೇ ಅಂಟಿಸಿ 24 ಗಂಟೆ ಬಿಡಬೇಕು, ಜೊತೆಗೆ ಗಟ್ಟಿ ದಾರವೊಂದನ್ನು ಹೆಲ್ಮೆಟ್ ಪಟ್ಟಿಗೆ ಕಟ್ಟಿರಬೇಕು.

ಬಿಡುಗಡೆಯಾದಾಗ ಹೀರೋ 12ರ ಬೆಲೆ 45,000 ರೂಪಾಯಿ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಹೀರೋ 13ರಲ್ಲಿ ಜಿಪಿಎಸ್ ಮರಳಿದೆ, ಬ್ಯಾಟರಿಯೂ 1900 ಎಂಎಎಚ್‌ಗೆ ಏರಿದೆ; ಆದರೆ ಹಳೆಯ ಬ್ಯಾಟರಿಗಳು ಅದಕ್ಕೆ ಹೊಂದುವುದಿಲ್ಲ. ಹೀರೋ 9ರಿಂದ 11ರವರೆಗಿನ ಯಾವುದಾದರೂ ಮಾದರಿಯ ಬ್ಯಾಟರಿಗಳು ಈಗಾಗಲೇ ಕೈಯಲ್ಲಿರುವವರು, ಜಿಪಿಎಸ್ ಬೇಡವೆನ್ನುವವರು, ಕಡಿಮೆ ಬೆಲೆಗೆ ಸಿಕ್ಕಿದರೆ ಹೀರೋ 12 ಕೊಳ್ಳಬಹುದು. ಮೊದಲ ಬಾರಿಗೆ ಕ್ಯಾಮೆರಾ ಕೊಂಡು ವರ್ಷಗಟ್ಟಲೆ ದೇಶ ಸುತ್ತುವ ಯೋಜನೆಯಿರುವವರು ಇನ್ನಷ್ಟು ಹಣ ಕೂಡಿಸಿ ಹೀರೋ 13ನ್ನೇ ತೆಗೆದುಕೊಳ್ಳಲಿ.