ಪೋಸ್ಟಿನ ಮೊದಲ ಸಾಲಿಗೆ ಎಐ ಚಾಟ್‌ಬಾಟ್: ಕನ್ನಡಕ್ಕೆ ಎಷ್ಟು ಒದಗುತ್ತದೆ?

ಬಿಟ್ಟಿ ಸಿಗುವ ಚಾಟ್‌ಬಾಟ್‌ಗಳಿಂದ ಈಗ ಹೋಂಸ್ಟೇಯವರು, ಹಪ್ಪಳ-ಉಪ್ಪಿನಕಾಯಿ ಮಾರುವವರು ಎಲ್ಲರೂ ಕ್ಯಾಪ್ಷನ್ ಬರೆಸುತ್ತಿದ್ದಾರೆ. ಒಟ್ಟು ಕ್ಯಾಪ್ಷನ್ನಿಗೆ ಪರವಾಗಿಲ್ಲ. ಓದುಗರನ್ನು ಹಿಡಿದು ನಿಲ್ಲಿಸಬೇಕಾದ ಮೊದಲ ಸಾಲಿಗೆ, ಅಂದರೆ ಹುಕ್‌ಗೆ, ಕನ್ನಡದಲ್ಲಿ ಇವು ಅರೆಬೆಂದ ಸರಕು. 5ಕ್ಕೆ ಎರಡೂವರೆ ಅಂಕ.

‘ಹಲಸಿನ ಹಪ್ಪಳಕ್ಕೆ ಹುಕ್ ಬರೆದುಕೊಡು’ ಎಂದಷ್ಟೇ ಕೇಳಿದರೆ ಬರುವುದು ‘ನೀವು ಎಂದಾದರೂ ನಿಜವಾದ ಹಳ್ಳಿಯ ರುಚಿಯನ್ನು ಅನುಭವಿಸಿದ್ದೀರಾ?’ ಎಂಬ ಜಾತಿಯ ಸಾಲು. ಇದು ಉಪ್ಪಿನಕಾಯಿಗೂ ಸೈ, ಹೋಂಸ್ಟೇಗೂ ಸೈ. ಹಪ್ಪಳದ ಸುದ್ದಿಯೇ ಇಲ್ಲ. ಇನ್ನೊಂದು ತೊಡಕು ವಾಕ್ಯದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಸುಮಾರು 125 ಅಕ್ಷರಕ್ಕೆ ಕ್ಯಾಪ್ಷನ್ ಕತ್ತರಿಸುತ್ತದೆ. ವಿಶೇಷಣ ಪೋಣಿಸಿದ ಉದ್ದ ವಾಕ್ಯವಾದರೆ ತಿರುಳೇ ‘ಮೋರ್’ ಬಟನ್ ಹಿಂದೆ ಉಳಿಯುತ್ತದೆ. ಎಣಿಕೆಯಲ್ಲೂ ಮೋಸ ಹೋಗಬಹುದು: ‘ಸ್ತ್ರೀ’ ಕಣ್ಣಿಗೆ ಒಂದಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ 6. ಎಕ್ಸ್‌ನ (ಹಿಂದಿನ ಟ್ವಿಟರ್) 280 ಅಕ್ಷರದ ಮಿತಿಗೂ ಇದೇ ಲೆಕ್ಕ. ಬಾಟ್‌ಗೆ ಅಕ್ಷರ ಎಣಿಸಲು ಸರಿಯಾಗಿ ಬರುವುದಿಲ್ಲ, ಹಾಗಾಗಿ ಪದದಲ್ಲೇ ಮಿತಿ ಹಾಕಿ.

ಕೆಲಸ ತೆಗೆಸುವ ದಾರಿ ಇದು. ಮೊದಲು ಸಂಗತಿ ತುಂಬಿ: ಬಲಿತ ಕಾಯಿಯ ತೊಳೆ ಬೇಯಿಸಿ, ರುಬ್ಬಿ, ತಟ್ಟಿ, ಬಿಸಿಲಲ್ಲಿ ಒಣಗಿಸಿದ್ದು, ಬೆಲೆ ಇಷ್ಟು. ಆಮೇಲೆ ಕಟ್ಟಳೆ: ಒಂದೊಂದೂ ಎಂಟು ಪದದೊಳಗಿರುವ ಹತ್ತು ಸಾಲು, ಪ್ರಶ್ನೆ ಬೇಡ, ಹೊಗಳುವ ವಿಶೇಷಣ ಬೇಡ, ಎಮೋಜಿ ಬೇಡ. ಆಗ ‘ಹಪ್ಪಳಕ್ಕೆ ಹಲಸಿನ ಹಣ್ಣು ಬೇಡ, ಬಲಿತ ಕಾಯಿ ಬೇಕು’ ಎಂಬಂಥ ಒಂದೆರಡು ಸಾಲು ಸಿಗುತ್ತವೆ. ಅದನ್ನೂ ‘ಹಣ್ಣಾದ ಹಲಸು ಹಪ್ಪಳಕ್ಕೆ ಆಗಲ್ಲ’ ಎಂದು ಮಾತಿನ ಧಾಟಿಗೆ ನೀವೇ ತಿರುಗಿಸಬೇಕು. ಧಾರವಾಡದ ಕನ್ನಡದಲ್ಲಿ ಬರೆದುಕೊಡು ಎಂದು ಬಾಟ್‌ಗೆ ಕೇಳಿ ನೋಡಿ, ಪುಸ್ತಕದ ವಾಕ್ಯದ ಬಾಲಕ್ಕೆ ಒಂದು ‘ಐತ್ರಿ’ ಅಂಟಿಸಿ ಕೊಡುವುದೇ ಹೆಚ್ಚು!

‘90% ಜನರಿಗೆ ಈ ಗುಟ್ಟು ಗೊತ್ತಿಲ್ಲ’ ಎಂದು ಬಂದರೆ ಅಳಿಸಿ; ಆ ಅಂಕಿಗೆ ಬುಡವಿಲ್ಲ. ‘ಗೆಳೆಯರನ್ನು ಟ್ಯಾಗ್ ಮಾಡಿ’ ಎಂಬುದನ್ನೂ ಬಿಡಿ. ಇಂಥ ಆಮಿಷದ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆಂದು ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ.

ರೀಲ್ಸ್‌ಗಾದರೆ ಕ್ಯಾಪ್ಷನ್ ಹುಕ್‌ಗೆ ಇಷ್ಟು ಒದ್ದಾಡಬೇಡಿ. ಅಲ್ಲಿ ಕಾಣುವುದು ಒಂದೇ ಸಾಲು, ಅದೂ ಅರ್ಧ. ಹುಕ್‌ನ ನಾಲ್ಕು ಪದವನ್ನು ವಿಡಿಯೋ ಮೇಲೆಯೇ ದಪ್ಪಕ್ಷರದಲ್ಲಿ ಹಾಕಿ.